ಜೇನುಪೆಟ್ಟಿಗೆಗಲ್ಲ, ದುಂಬಿಯ ಬಿಲಕ್ಕೆ ದುಡ್ಡು: ಟೊರಾಂಟೊದ ಪುಟ್ಟ ಅನುದಾನದ ಲೆಕ್ಕಾಚಾರ

ಕೆನಡಾದ ಟೊರಾಂಟೊ ನಗರಪಾಲಿಕೆಯಲ್ಲಿ ಪಾಲಿನೇಟ್ ಟಿಓ ಅಂತ ಒಂದು ಯೋಜನೆ ಇದೆ. 2019ರಲ್ಲಿ ಶುರುವಾಗಿದ್ದು. ಒಂದು ಬೀದಿಯವರೋ, ಶಾಲೆಯವರೋ, ಅಪಾರ್ಟ್‌ಮೆಂಟಿನವರೋ ಗುಂಪು ಮಾಡಿಕೊಂಡು, ಈ ಜಾಗದಲ್ಲಿ ನಾವು ಇದೇ ನೆಲದ ಹೂಗಿಡ ಬೆಳೆಸುತ್ತೇವೆ, ದುಂಬಿ ಚಿಟ್ಟೆಗಳಿಗೆ ಜಾಗ ಮಾಡಿಕೊಡುತ್ತೇವೆ ಅಂತ ಬರೆದು ಕೊಡಬೇಕು. ಆಯ್ಕೆಯಾದರೆ ಪಾಲಿಕೆ ದುಡ್ಡು ಕೊಡುತ್ತದೆ. ಮೊದಲ ಸುತ್ತುಗಳಲ್ಲಿ ಒಂದು ಗುಂಪಿಗೆ ಹೆಚ್ಚೆಂದರೆ 5,000 ಡಾಲರ್ ಅಂತ ಇಟ್ಟಿದ್ದರು.

ರೂಪಾಯಿಗೆ ತಿರುಗಿಸಿದರೆ ಮೂರು ಲಕ್ಷದ ಆಸುಪಾಸು, ಕೇಳೋಕೆ ಜೋರಾಗಿದೆ. ಆದರೆ ಅಲ್ಲಿನ ಕೂಲಿ ದರ ಗೊತ್ತಿದ್ದವರಿಗೆ ಇದು ಎಷ್ಟು ಸಣ್ಣ ಮೊತ್ತ ಅಂತಲೂ ಗೊತ್ತು. ಒಬ್ಬ ಕಾಂಟ್ರಾಕ್ಟರನ್ನು ಕರೆಸಿ ಮನೆ ಮುಂದಿನ ಅಂಗಳ ಸರಿ ಮಾಡಿಸಲು ಹೋದರೆ ಅಷ್ಟು ಸಾಲದೇ ಹೋಗಬಹುದು. ಇಷ್ಟು ಕಡಿಮೆ ದುಡ್ಡಿಗೆ ಅಷ್ಟುದ್ದದ ಅರ್ಜಿ, ನಕ್ಷೆ, ಗಿಡಗಳ ಪಟ್ಟಿ, ಮಾಲೀಕರ ಪತ್ರ, ವರದಿ, ಇದೆಲ್ಲ ಯಾಕೆ ಅಂತ ಅನಿಸುತ್ತದೆ, ಅಲ್ವಾ?

ಗಿಡ ಕೊಳ್ಳೋದು ಸುಲಭ. ನೆಡುವ ದಿನ ಜನ ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಮೂರನೇ ವರ್ಷ ಜುಲೈ ಬಿಸಿಲಿನಲ್ಲಿ ಕಳೆ ಕೀಳುವವರು ಯಾರು? ಇಂಥ ಅನುದಾನದ ಅರ್ಜಿಯಲ್ಲಿ ಏನೇ ಕೇಳಿದ್ದರೂ ಅದರ ಹಿಂದೆ ಇರೋದು ಇದೇ ಪ್ರಶ್ನೆ. ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಮಿಕ್ಕ ನಿಯಮಗಳೆಲ್ಲ ತಾನಾಗಿಯೇ ಅರ್ಥವಾಗುತ್ತವೆ.

ಮೊದಲು, ಪಾಲಿಕೆಗೆ ಜನರ ಸಹವಾಸ ಯಾಕೆ ಬೇಕು ಅನ್ನೋದನ್ನು ನೋಡೋಣ. ತನ್ನ ಪಾರ್ಕುಗಳಲ್ಲೇ ಗಿಡ ನೆಟ್ಟುಕೊಂಡರೆ ಆಗಲ್ವಾ? ಆಗೋದಿಲ್ಲ. ಟೊರಾಂಟೊದ ನಡುವೆ ಹಾದುಹೋಗುವ ಕಣಿವೆಗಳು ಆ ಊರಿನ ಹಸಿರಿನ ಬೆನ್ನೆಲುಬು. ಊರಿನ ವಿಸ್ತೀರ್ಣದಲ್ಲಿ ಅವುಗಳದ್ದೇ ನೂರಕ್ಕೆ ಸುಮಾರು 17 ಪಾಲು. ಅದರಲ್ಲೂ ನೂರಕ್ಕೆ 40ರಷ್ಟು ಖಾಸಗಿಯವರ ಕೈಯಲ್ಲಿದೆ. ಇನ್ನು ಕಣಿವೆಯ ಆಚೆ ಮನೆ, ಶಾಲೆ, ಗೋಪುರದಂಥ ಬಾಡಿಗೆ ಕಟ್ಟಡ, ಪಾರ್ಕಿಂಗ್ ಜಾಗ. ಅಲ್ಲೆಲ್ಲ ಪಾಲಿಕೆಯ ಮಾಲಿ ಹೋಗಿ ಗುದ್ದಲಿ ಹಾಕೋಕೆ ಆಗಲ್ಲ.

ಇದಕ್ಕೆ ಜೀವಶಾಸ್ತ್ರದ ಕಾರಣವೂ ಇದೆ. ಸಣ್ಣ ಜಾತಿಯ ದುಂಬಿಗಳು ಗೂಡಿನಿಂದ ಕೆಲವು ನೂರು ಮೀಟರ್ ದೂರ ಹಾರುತ್ತವೆ ಅಷ್ಟೇ. ದೊಡ್ಡ ಪಾರ್ಕ್ ಎರಡು ಕಿಲೋಮೀಟರ್ ಆಚೆ ಇದ್ದರೆ ಅದು ಇದ್ದೂ ಇಲ್ಲದ ಹಾಗೆ. ನಡುವೆ ಒಂದು ಶಾಲೆಯ ಬೇಲಿ ಪಕ್ಕ, ಒಂದು ಚರ್ಚಿನ ಅಂಗಳ, ನಾಲ್ಕು ಮನೆಗಳ ಮುಂದೆ ಹೂವಿದ್ದರೆ ಅವು ಒಂದರಿಂದ ಒಂದಕ್ಕೆ ದಾಟಿಕೊಳ್ಳುತ್ತವೆ. ಟೊರಾಂಟೊ ದೊಡ್ಡ ಕೆಲಸವನ್ನೂ ಮಾಡುತ್ತಿದೆ. ವಿದ್ಯುತ್ ತಂತಿಯ ಗೋಪುರಗಳ ಕೆಳಗಿನ 16 ಕಿಲೋಮೀಟರ್ ಉದ್ದದ ಪಟ್ಟಿಯನ್ನು ಹುಲ್ಲುಗಾವಲು ಮಾಡುವ ಮೆಡೋವೇ ಯೋಜನೆ ಅಲ್ಲಿದೆ. ಅದಕ್ಕೆ ಒಂದು ಕುಟುಂಬದ ಪ್ರತಿಷ್ಠಾನ 2.5 ಕೋಟಿ ಡಾಲರ್ ತನಕ ಕೊಡುವುದಾಗಿ 2018ರಲ್ಲಿ ಹೇಳಿತು. ಆದರೆ ಆ ಪಟ್ಟಿಯಿಂದ ಆಚೀಚೆಯ ಬೀದಿಗಳಿಗೆ ದುಂಬಿ ಬರಬೇಕು ಅಂದರೆ ಆ ಬೀದಿಯವರೇ ಏನಾದರೂ ಮಾಡಬೇಕು. ಪುಟ್ಟ ಅನುದಾನಗಳಿಗೆ ಕೆಲಸ ಸಿಗೋದು ಇಲ್ಲಿ.

2018ರಲ್ಲಿ ಟೊರಾಂಟೊ ಕೌನ್ಸಿಲ್ ಪರಾಗಸ್ಪರ್ಶ ಮಾಡುವ ಕೀಟಗಳ ರಕ್ಷಣೆಗೆ ಅಂತಲೇ ಒಂದು ನೀತಿ ಒಪ್ಪಿತು. ಪಾಲಿನೇಟ್ ಟಿಓ ಹುಟ್ಟಿದ್ದು ಅದರಿಂದ. ಇಲ್ಲಿ ನಮ್ಮವರು ಸಾಮಾನ್ಯವಾಗಿ ಎಡವುವ ಒಂದು ಜಾಗ ಇದೆ. "ಕೀಟ ಉಳಿಸೋಣ" ಅಂದ ತಕ್ಷಣ ಎಲ್ಲರ ಕಣ್ಣಿಗೆ ಬರೋದು ಜೇನುಪೆಟ್ಟಿಗೆ. ಮಹಡಿ ಮೇಲೆ ಎರಡು ಪೆಟ್ಟಿಗೆ ಇಟ್ಟರೆ ಪ್ರಕೃತಿ ಸೇವೆ ಆಯಿತು ಅಂತ. ಆದರೆ ಉತ್ತರ ಅಮೆರಿಕದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ಜೇನ್ನೊಣ ಯುರೋಪಿನಿಂದ ಬಂದದ್ದು. ಅದು ಸಾಕುಪ್ರಾಣಿ. ಕೋಳಿ ಸಾಕಿದರೆ ಕಾಡುಹಕ್ಕಿ ಉಳಿಯುತ್ತವೆಯೇ? ಅದರ ಮೇಲೆ, ಒಂದು ಪೆಟ್ಟಿಗೆಯಲ್ಲಿ ಹತ್ತಾರು ಸಾವಿರ ನೊಣ ಇರುತ್ತವೆ. ಸುತ್ತ ಹೂವು ಕಮ್ಮಿ ಇದ್ದರೆ ಅಲ್ಲೇ ಹುಟ್ಟಿ ಬೆಳೆದ ದುಂಬಿಗಳ ಊಟಕ್ಕೇ ಅವು ಕೈ ಹಾಕುತ್ತವೆ.

ಟೊರಾಂಟೊದಲ್ಲಿ ಹೀಗೆ ಅಲ್ಲಿಯದೇ ಆದ ದುಂಬಿಗಳೂ ಸೇರಿ ಜೇನು ಬಳಗದ 360ಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು ಒಂಟಿ ಜೀವಿಗಳು. ರಾಣಿ ಇಲ್ಲ, ಜೇನುಹುಟ್ಟು ಇಲ್ಲ, ಜೇನುತುಪ್ಪ ಇಲ್ಲ, ಕುಟುಕೋದೂ ಅಪರೂಪ. ಹತ್ತರಲ್ಲಿ ಏಳರಷ್ಟು ಜಾತಿಗಳು ನೆಲದಲ್ಲಿ ಸಣ್ಣ ಬಿಲ ಕೊರೆದು ಮೊಟ್ಟೆ ಇಡುತ್ತವೆ. ಉಳಿದವು ಟೊಳ್ಳು ಕಡ್ಡಿಯಲ್ಲಿ, ಮರದ ತೂತಿನಲ್ಲಿ. ಊರಿನ ಅಧಿಕೃತ ದುಂಬಿ ಅಂತ ಆರಿಸಿರುವುದೂ ಹಸಿರು ಲೋಹದ ಹಾಗೆ ಹೊಳೆಯುವ, ನೆಲದಲ್ಲಿ ಗೂಡು ಮಾಡುವ ಒಂದು ಪುಟ್ಟ ಜಾತಿಯನ್ನೇ.

ಇದು ಗೊತ್ತಾದರೆ ತೋಟದ ನಕ್ಷೆಯೇ ಬದಲಾಗುತ್ತದೆ. ಕಳೆ ಬರಬಾರದು ಅಂತ ನೆಲಕ್ಕೆಲ್ಲ ದಪ್ಪಗೆ ಮರದ ಚಕ್ಕೆ ಹರಡಿದರೆ ದುಂಬಿಗೆ ಬಿಲ ಕೊರೆಯೋಕೆ ಮಣ್ಣೇ ಸಿಗಲ್ಲ. ಬಿಸಿಲು ಬೀಳುವ ಕಡೆ ಒಂದಿಷ್ಟು ಬರಿ ನೆಲ ಬಿಡಬೇಕು. ಚಳಿಗಾಲಕ್ಕೆ ಮುಂಚೆ ಒಣಗಿದ ಕಡ್ಡಿಗಳನ್ನೆಲ್ಲ ಕತ್ತರಿಸಿ, ಎಲೆಗಳನ್ನು ಗುಡಿಸಿ, ಚೀಲಕ್ಕೆ ತುಂಬಿ ರಸ್ತೆಗಿಟ್ಟರೆ ಅದರ ಜೊತೆ ಮುಂದಿನ ವರ್ಷದ ಕೀಟಗಳೂ ಹೋಗುತ್ತವೆ. ವಸಂತದ ತನಕ ಹಾಗೇ ಬಿಡಬೇಕು. ಆಮೇಲೂ ಕಡ್ಡಿಗಳನ್ನು ಬುಡದ ಮಟ್ಟಕ್ಕೆ ಕತ್ತರಿಸದೆ ಒಂದಡಿಯಷ್ಟು ಬಿಟ್ಟರೆ ಅದರೊಳಗೆ ಗೂಡು ಮಾಡುತ್ತವೆ. ಅರ್ಜಿಯ ನಿರ್ವಹಣೆ ಭಾಗದಲ್ಲಿ "ಶರತ್ಕಾಲದಲ್ಲಿ ತೋಟ ಪೂರ್ತಿ ಸ್ವಚ್ಛ ಮಾಡುತ್ತೇವೆ" ಅಂತ ಹೆಮ್ಮೆಯಿಂದ ಬರೆದರೆ, ವಿಷಯ ಗೊತ್ತಿರುವ ಓದುಗರು ಅಲ್ಲೇ ಹುಬ್ಬು ಏರಿಸುತ್ತಾರೆ.

ಹಿತ್ತಿಲಲ್ಲಿ ಸಿಹಿಗುಂಬಳ ಬೆಳೆಯುವ ಕನ್ನಡಿಗರು ಅಲ್ಲಿ ತುಂಬ ಜನ ಇದ್ದಾರೆ. ಅವರಿಗೆ ಒಂದು ಖುಷಿಯ ಸುದ್ದಿ. ಟೊರಾಂಟೊ ಇರುವ ಒಂಟಾರಿಯೋ ಪ್ರಾಂತ್ಯದಲ್ಲಿ ಕುಂಬಳ ಜಾತಿಯ ಹೂವಿನ ಪರಾಗವನ್ನೇ ನಂಬಿಕೊಂಡು ಬದುಕುವ ಒಂದು ದುಂಬಿ ಇದೆ. ಗೂಡು ಮಾಡೋದು ಬಳ್ಳಿಯ ಹತ್ತಿರದ ಮಣ್ಣಿನಲ್ಲೇ. ಬೆಳಿಗ್ಗೆ ಬೇಗ ಎದ್ದು ಹೂವಿನಿಂದ ಹೂವಿಗೆ ಸುತ್ತುತ್ತದೆ. ಗಂಡುಗಳು ಮಧ್ಯಾಹ್ನದ ಹೊತ್ತಿಗೆ ಬಾಡಿ ಮುಚ್ಚಿಕೊಂಡ ಹೂವಿನೊಳಗೇ ನಿದ್ದೆ ಹೊಡೆಯುತ್ತವೆ. ಕುಂಬಳದ ಮಡಿಯನ್ನು ಪ್ರತಿ ವರ್ಷ ಆಳವಾಗಿ ಅಗೆದರೆ ಇವುಗಳ ಮರಿಗಳು ಹಾಳಾಗುತ್ತವೆ. ಒಂದು ಮಾತು ನೆನಪಿರಲಿ. ತರಕಾರಿ ತೋಟಕ್ಕೆ ಇಂಥ ಅನುದಾನ ಸಾಮಾನ್ಯವಾಗಿ ಸಿಗಲ್ಲ. ಅದಕ್ಕೆ ಬೇರೆ ಯೋಜನೆಗಳಿರುತ್ತವೆ.

ಇನ್ನು ಗಿಡಗಳ ಪಟ್ಟಿ. ಅರ್ಜಿಯಲ್ಲಿ ಬಹಳ ಗುಂಪುಗಳು ಮುಗ್ಗರಿಸೋದು ಇಲ್ಲೇ. "ಬಣ್ಣಬಣ್ಣದ ಹೂಗಿಡಗಳು" ಅಂತ ಬರೆದರೆ ಸಾಲದು. ಯಾವ ಗಿಡ, ಎಷ್ಟು, ಯಾವ ತಿಂಗಳು ಹೂ ಬಿಡುತ್ತದೆ ಅಂತ ಬೇಕು. ಕಾರಣ ಸರಳ. ಏಪ್ರಿಲಿನಲ್ಲಿ ಏಳುವ ದುಂಬಿಗೂ ಊಟ ಬೇಕು, ಸೆಪ್ಟೆಂಬರಿನಲ್ಲಿ ಹೊರಡುವ ಚಿಟ್ಟೆಗೂ ಬೇಕು. ಜುಲೈನಲ್ಲಿ ಮಾತ್ರ ಜಾತ್ರೆ ಮಾಡಿ ಮಿಕ್ಕ ತಿಂಗಳು ಖಾಲಿ ಇದ್ದರೆ ಪ್ರಯೋಜನ ಇಲ್ಲ.

ಮೊನಾರ್ಕ್ ಚಿಟ್ಟೆಯ ಕಥೆ ನೋಡಿ. ಅದರ ಮರಿಹುಳ ಮಿಲ್ಕ್‌ವೀಡ್ ಎಲೆ ಬಿಟ್ಟರೆ ಬೇರೇನೂ ತಿನ್ನುವುದಿಲ್ಲ. ಮಿಲ್ಕ್‌ವೀಡ್ ಅಂದರೆ ನಮ್ಮ ಎಕ್ಕದ ಗಿಡದ ಹತ್ತಿರದ ನೆಂಟ. ಎಲೆ ಮುರಿದರೆ ಹಾಗೇ ಬಿಳಿ ಹಾಲು, ಕಾಯಿ ಒಡೆದರೆ ಹಾಗೇ ರೇಷ್ಮೆಯಂಥ ಹತ್ತಿ. ನಮ್ಮ ಊರಿನ ಎಕ್ಕದ ಮೇಲೆ ಮೊಟ್ಟೆಯಿಡುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯೂ ಮೊನಾರ್ಕಿನ ದಾಯಾದಿಯೇ. ಈ ಮಿಲ್ಕ್‌ವೀಡನ್ನು ಒಂಟಾರಿಯೋ ಸರಕಾರ ಬಹಳ ವರ್ಷ ಹಾನಿಕಾರಕ ಕಳೆಗಳ ಪಟ್ಟಿಯಲ್ಲಿ ಇಟ್ಟಿತ್ತು. ಪಟ್ಟಿಯಿಂದ ತೆಗೆದದ್ದು 2014ರಲ್ಲಿ. ಅಂದರೆ ಅಲ್ಲಿಯ ತನಕ ಕಾನೂನಿನ ಕಣ್ಣಿನಲ್ಲಿ ಕಳೆ, ಇವತ್ತು ಅದನ್ನೇ ನೆಡಲು ಪಾಲಿಕೆ ದುಡ್ಡು ಕೊಡುತ್ತದೆ.

ಮಿಲ್ಕ್‌ವೀಡ್ ಒಂದೇ ಇದ್ದರೂ ಆಗಲಿಲ್ಲ. ಸೆಪ್ಟೆಂಬರಿನಲ್ಲಿ ಮೊನಾರ್ಕ್‌ಗಳು ಮೆಕ್ಸಿಕೊದ ಬೆಟ್ಟಗಳ ಕಡೆ ಹೊರಡುತ್ತವೆ, ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಹೊರಡುವ ಮುಂಚೆ ಹೊಟ್ಟೆ ತುಂಬಿಸಿಕೊಳ್ಳೋಕೆ ಗೋಲ್ಡನ್‌ರಾಡ್, ಆಸ್ಟರ್ ಥರದ ತಡವಾಗಿ ಅರಳುವ ಹೂಗಳು ಬೇಕು. ಪಾಪ, ಗೋಲ್ಡನ್‌ರಾಡಿಗೆ ಸುಮ್ನೆ ಕೆಟ್ಟ ಹೆಸರು. ಆ ಸಮಯದಲ್ಲಿ ಎಲ್ಲರಿಗೂ ಸೀನು ಬರುತ್ತದೆ, ಕಣ್ಣಿಗೆ ಕಾಣುವ ಹಳದಿ ಹೂ ಅದೊಂದೇ, ಹಾಗಾಗಿ ಅಪವಾದ ಅದರ ತಲೆಗೆ. ಸೀನು ತರಿಸೋದು ಅದೇ ಹೊತ್ತಿಗೆ ಗಾಳಿಯಲ್ಲಿ ಪರಾಗ ತೂರುವ ರ‍್ಯಾಗ್‌ವೀಡ್ ಅನ್ನುವ ಬೇರೆ ಗಿಡ. ನೆರೆಯವರ ಹತ್ತಿರ ಈ ವಿಷಯ ಮೊದಲೇ ಮಾತಾಡಿಕೊಂಡರೆ ಒಳ್ಳೆಯದು.

ತಪ್ಪು ಗಿಡ ಎಷ್ಟು ಕೆಟ್ಟದ್ದು ಮಾಡಬಹುದು ಅನ್ನೋದಕ್ಕೂ ಅಲ್ಲೇ ಉದಾಹರಣೆ ಇದೆ. ಡಾಗ್ ಸ್ಟ್ರ್ಯಾಂಗ್ಲಿಂಗ್ ವೈನ್ ಅಂತ ಯುರೋಪಿನಿಂದ ಬಂದ ಬಳ್ಳಿ ಟೊರಾಂಟೊದ ಕಣಿವೆಗಳನ್ನೆಲ್ಲ ಮುಚ್ಚಿಕೊಂಡಿದೆ. ಅದೂ ಎಕ್ಕದ ಕುಟುಂಬದ್ದೇ. ವಾಸನೆಗೋ ಏನಕ್ಕೋ ಮೊನಾರ್ಕ್ ಮೋಸ ಹೋಗಿ ಅದರ ಮೇಲೆ ಮೊಟ್ಟೆ ಇಡುತ್ತದೆ. ಮರಿ ಹೊರಗೆ ಬಂದು ಎಲೆ ತಿನ್ನಲಾಗದೆ ಸಾಯುತ್ತದೆ. ಹೊರಗಿನಿಂದ ನೋಡಿದವರಿಗೆ ಎರಡು ಜಾಗವೂ ಒಂದೇ ಥರ ಹಸಿರು. ಹಾಗಾಗಿಯೇ ಇಂಥ ಅನುದಾನಗಳಲ್ಲಿ "ಸ್ಥಳೀಯ ಗಿಡ" ಅನ್ನುವ ಷರತ್ತಿಗೆ ಅಷ್ಟು ಒತ್ತು. ನರ್ಸರಿಯವರನ್ನು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಗಿಡಕ್ಕೆ ನಿಯೋನಿಕ್ ಜಾತಿಯ ಕೀಟನಾಶಕ ಹಾಕಿದ್ದೀರಾ ಅಂತ. ಆ ವಿಷ ಗಿಡದ ಒಳಗೆಲ್ಲ ಹರಡಿ ಮಕರಂದಕ್ಕೂ ಬರುತ್ತದೆ. ದುಂಬಿಗೆ ಅಂತ ಹೂ ನೆಟ್ಟು ಅದರಲ್ಲೇ ವಿಷ ಬಡಿಸಿದ ಹಾಗಾಗುತ್ತದೆ.

ಈಗ ಜಾಗದ ವಿಷಯ. ನನ್ನ ಪ್ರಕಾರ ಈ ಅನುದಾನಗಳಲ್ಲಿ ದುಡ್ಡಿಗಿಂತ ಬೆಲೆಬಾಳುವ ಭಾಗ ಇದು.

ಟೊರಾಂಟೊದಲ್ಲಿ ಹುಲ್ಲುಹಾಸು 20 ಸೆಂಟಿಮೀಟರಿಗಿಂತ ಎತ್ತರ ಬೆಳೆದರೆ ಪಕ್ಕದ ಮನೆಯವರು ಪಾಲಿಕೆಗೆ ದೂರು ಕೊಡಬಹುದು, ಇನ್‌ಸ್ಪೆಕ್ಟರ್ ಬಂದು ನೋಟಿಸ್ ಕೊಡಬಹುದು. ಕಾಡುಹೂವಿನ ತೋಟ ಮಾಡಿದವರಿಗೆ ಇದು ಹಳೆಯ ತಲೆನೋವು. 1990ರ ದಶಕದಲ್ಲಿ ಮನೆ ಮುಂದೆ ಇಂಥ ತೋಟ ಮಾಡಿದ್ದ ಒಬ್ಬ ಮಹಿಳೆಗೆ ದಂಡ ಹಾಕಿದರು. ಅವರು ಸುಮ್ಮನೆ ಕಟ್ಟಿ ಬಿಡಲಿಲ್ಲ, ಕೋರ್ಟಿಗೆ ಹೋದರು. 1996ರಲ್ಲಿ ಒಂಟಾರಿಯೋ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಒಬ್ಬರು ತಮ್ಮ ಪರಿಸರದ ನಂಬಿಕೆಯನ್ನು ತೋಟದ ಮೂಲಕ ತೋರಿಸುವುದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಒಳಗೇ ಬರುತ್ತದೆ ಅಂತ. ಅಲ್ಲಿಂದ ಮುಂದೆ ನಿಯಮಗಳನ್ನು ತಿದ್ದುತ್ತಾ ಬಂದರು. ಆದರೂ ಕಾನೂನು ಒಪ್ಪಿದ್ದನ್ನು ಪಕ್ಕದ ಮನೆಯ ಅಜ್ಜ ಒಪ್ಪಬೇಕಲ್ಲ.

ಪಾಲಿಕೆಯ ಅನುದಾನ ಇಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ತೋಟದಲ್ಲಿ ಒಂದು ಬೋರ್ಡು ಬೀಳುತ್ತದೆ. ಅದೇ ಒಣಕಡ್ಡಿ, ಅದೇ ಎತ್ತರದ ಹುಲ್ಲು, ಆದರೆ ಈಗ ಅದಕ್ಕೆ ನಗರಪಾಲಿಕೆಯ ಮುದ್ರೆ ಇದೆ. ನೋಡುವವರ ಮನಸ್ಸಿನಲ್ಲಿ "ಸೋಮಾರಿಗಳು" ಹೋಗಿ "ಏನೋ ಪ್ರಾಜೆಕ್ಟ್ ಇರಬೇಕು" ಆಗುತ್ತದೆ. ಬೋರ್ಡಿನ ಜೊತೆ ಅಂಚುಗಳನ್ನು ನೀಟಾಗಿ ಕತ್ತರಿಸಿ, ನಡೆಯುವ ದಾರಿಗೆ ಗಿಡ ಬಾಗದ ಹಾಗೆ ನೋಡಿಕೊಂಡರೆ ಅರ್ಧ ಜಗಳ ಕಡಿಮೆ. ಬಜೆಟ್ಟಿನಲ್ಲಿ ಬೋರ್ಡಿಗೆ ದುಡ್ಡು ಇಡೋದು ದಂಡ ಅಂತ ಯಾರಾದರೂ ಅಂದರೆ ಕೇಳಬೇಡಿ.

ಜಾಗ ಯಾರದ್ದು ಅನ್ನೋದನ್ನು ಸರಿಯಾಗಿ ತಿಳಿದುಕೊಳ್ಳಿ. ಟೊರಾಂಟೊದಲ್ಲಿ ಮನೆ ಮುಂದಿನ ಹುಲ್ಲಿನಲ್ಲಿ ರಸ್ತೆ ಕಡೆಯ ಒಂದಿಷ್ಟು ಭಾಗ ಬಹಳ ಕಡೆ ಪಾಲಿಕೆಯದ್ದೇ ಆಗಿರುತ್ತದೆ. ಮನೆಯವರು ಅದು ತಮ್ಮದೇ ಅಂದುಕೊಂಡು ವರ್ಷಗಟ್ಟಲೆ ಹುಲ್ಲು ಕತ್ತರಿಸುತ್ತಿರುತ್ತಾರೆ. ಶಾಲೆಯ ಅಂಗಳಕ್ಕೆ ಹೆಡ್‌ಮಾಸ್ಟರ್ ಹೂಂ ಅಂದರೆ ಸಾಲದು, ಶಾಲಾ ಮಂಡಳಿಯ ಒಪ್ಪಿಗೆ ಬೇಕು. ಬಾಡಿಗೆ ಕಟ್ಟಡವಾದರೆ ಮಾಲೀಕ ಕಂಪನಿಯ ಪತ್ರ. ಈ ಪತ್ರ ಸಿಗೋದೇ ಎಷ್ಟೋ ಸಲ ತಿಂಗಳುಗಟ್ಟಲೆ ಎಳೆಯುತ್ತದೆ. ಹಾಗಾಗಿ ಅರ್ಜಿ ಕರೆದ ಮೇಲೆ ಓಡಾಡೋಕೆ ಶುರು ಮಾಡಿದವರು ಕೊನೆ ದಿನದ ಹೊತ್ತಿಗೆ ಪತ್ರವಿಲ್ಲದೆ ಕೂರುತ್ತಾರೆ. ಮತ್ತೆ, ಅಗೆಯುವ ಮುಂಚೆ ಒಂಟಾರಿಯೋ ಒನ್ ಕಾಲ್‌ಗೆ ತಿಳಿಸಬೇಕು. ನೆಲದಡಿಯ ಗ್ಯಾಸ್, ಕರೆಂಟ್ ಲೈನುಗಳನ್ನು ಗುರುತು ಮಾಡಿಸಿಕೊಡುತ್ತಾರೆ, ಮನೆಯವರಿಗೆ ಅದು ಪುಕ್ಕಟೆ, ಆದರೆ ಕಾನೂನಿನ ಪ್ರಕಾರ ಕಡ್ಡಾಯ.

ಜಾಗ ಗಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದನ್ನು ನ್ಯೂಯಾರ್ಕ್ ತೋರಿಸಿಕೊಟ್ಟಿದೆ. ಅಲ್ಲಿ 1970ರ ದಶಕದಲ್ಲಿ ಖಾಲಿ ಬಿದ್ದ ಸೈಟುಗಳನ್ನು ಜನ ತೋಟ ಮಾಡಿಕೊಂಡರು. ಪಾಲಿಕೆ 1978ರಲ್ಲಿ ಗ್ರೀನ್‌ಥಂಬ್ ಅನ್ನುವ ಕಾರ್ಯಕ್ರಮ ಮಾಡಿ ಅವುಗಳಿಗೆ ಬೆಂಬಲ ಕೊಟ್ಟಿತು. ಇಪ್ಪತ್ತು ವರ್ಷ ಕಳೆಯಿತು, ಸುತ್ತಲಿನ ಜಾಗದ ಬೆಲೆ ಏರಿತು. 1999ರಲ್ಲಿ ಅದೇ ಪಾಲಿಕೆ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗೆ ಇಟ್ಟಿತು. ಕೊನೆ ಗಳಿಗೆಯಲ್ಲಿ ಎರಡು ಸಂಸ್ಥೆಗಳು ದುಡ್ಡು ಹಾಕಿ ಕೊಂಡುಕೊಂಡವು, ತೋಟ ಉಳಿದವು. ಎಲ್ಲ ಊರಿಗೂ ಆ ಅದೃಷ್ಟ ಇರುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. 40 ಚದರ ಮೀಟರ್ ಜಾಗ ಇದೆ ಅಂತ ಇಟ್ಟುಕೊಳ್ಳಿ. ಚದರ ಮೀಟರಿಗೆ ಆರು ಸಸಿ ಅಂದರೆ 240. ಒಂದಕ್ಕೆ 5 ಡಾಲರ್ ಹಿಡಿದರೆ 1,200. ಕಾಂಪೋಸ್ಟ್, ಮಣ್ಣು, ಅದನ್ನು ತರುವ ಲಾರಿ, ಗುದ್ದಲಿ ಪಿಕಾಸಿ, ಉದ್ದನೆಯ ನೀರಿನ ಪೈಪು, ಬೋರ್ಡು, ನೆಡುವ ದಿನದ ತಿಂಡಿ ಕಾಫಿ. ಎಲ್ಲ ಸೇರಿ ಇನ್ನೊಂದು ಎರಡು ಸಾವಿರ. ಉಳಿದದ್ದರಲ್ಲಿ ಒಂದು ಪಾಲನ್ನು ಎರಡನೇ ವರ್ಷಕ್ಕೆ ಅಂತ ಎತ್ತಿಡಬೇಕು, ಯಾಕೆಂದರೆ ಮೊದಲ ಚಳಿಗಾಲದಲ್ಲಿ ಒಂದಿಷ್ಟು ಸಸಿ ಸತ್ತೇ ಸಾಯುತ್ತವೆ. ಇವು ನಾನು ವಿಷಯ ಅರ್ಥವಾಗಲಿ ಅಂತ ಹಾಕಿದ ಅಂಕಿಗಳು, ನಿಮ್ಮ ನರ್ಸರಿಯ ದರ ಬೇರೆ ಇರುತ್ತದೆ. ಗಮನಿಸಬೇಕಾದದ್ದು ಏನೆಂದರೆ ಇದರಲ್ಲಿ ಕೂಲಿಯ ಸಾಲೇ ಇಲ್ಲ. ಕೂಲಿ ಸೇರಿಸಿದರೆ ಲೆಕ್ಕ ಅಲ್ಲೇ ಮುಗಿಯಿತು.

ಕೂಲಿಯನ್ನು ಲೆಕ್ಕಕ್ಕೆ ತರುವ ಬೇರೆ ದಾರಿಯೊಂದು ಅಮೆರಿಕದ ಸಿಯಾಟಲ್‌ನಲ್ಲಿದೆ. 1988ರಲ್ಲಿ ಹುಟ್ಟಿದ ಅಲ್ಲಿನ ನೇಬರ್‌ಹುಡ್ ಮ್ಯಾಚಿಂಗ್ ಫಂಡ್‌ನ ನಿಯಮ ಸರಳ. ಪಾಲಿಕೆ ಕೊಡೋದಕ್ಕೆ ಎದುರಾಗಿ ಗುಂಪೂ ತನ್ನ ಪಾಲು ಹಾಕಬೇಕು. ಆದರೆ ಪಾಲು ಅಂದರೆ ನೋಟೇ ಆಗಬೇಕಿಲ್ಲ. ಜನ ದುಡಿದ ಗಂಟೆಗಳಿಗೆ ಒಂದು ದರ ಹಾಕಿ ಅದನ್ನೂ ಪಾಲು ಅಂತ ಹಿಡಿಯುತ್ತಾರೆ. ಯಾರಾದರೂ ಕೊಟ್ಟ ಸಾಮಾನು, ಆರ್ಕಿಟೆಕ್ಟ್ ಒಬ್ಬರು ಪುಕ್ಕಟೆ ಮಾಡಿಕೊಟ್ಟ ನಕ್ಷೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ದುಡ್ಡಿಲ್ಲದ ಬೀದಿಯೂ ಬೆವರು ಹಾಕಿ ಅರ್ಜಿ ಹಾಕಬಹುದು. ನನಗೆ ಇದು ಬಹಳ ಇಷ್ಟವಾದ ನಿಯಮ. ಆದರೆ ಎರಡೆರಡು ಕೆಲಸ ಮಾಡುವ ಜನ ಇರುವ ಬೀದಿಯಲ್ಲಿ ಬೆವರಿಗೂ ಪುರುಸೊತ್ತು ಬೇಕು ಅನ್ನೋದನ್ನು ಮರೆಯುವ ಹಾಗಿಲ್ಲ.

ಕೆಲವು ಊರುಗಳಲ್ಲಿ ಮೊದಲು ನೀವು ಖರ್ಚು ಮಾಡಿ, ಬಿಲ್ಲು ಕೊಡಿ, ಆಮೇಲೆ ನಾವು ಕೊಡುತ್ತೇವೆ ಅಂತಾರೆ. ಹೇಳೋಕೆ ಪಾರದರ್ಶಕ, ಮಾಡೋಕೆ ಕಷ್ಟ. ಮುಂಗಡವಾಗಿ ಎರಡು ಮೂರು ಸಾವಿರ ಡಾಲರ್ ಕೈಯಿಂದ ಹಾಕಬಲ್ಲವರು ಇರುವ ಬಡಾವಣೆಗಳೇ ಅಂಥ ಕಡೆ ಮುಂದೆ ಬರುತ್ತವೆ. ನೋಂದಣಿ ಆಗದ, ಬ್ಯಾಂಕ್ ಖಾತೆ ಇಲ್ಲದ ಗುಂಪಾದರೆ ಸಾಮಾನ್ಯವಾಗಿ ಒಂದು ನೋಂದಾಯಿತ ಸಂಸ್ಥೆಯ ಹೆಸರಿನಲ್ಲಿ ದುಡ್ಡು ಪಡೆಯಬೇಕಾಗುತ್ತದೆ. ಹತ್ತಿರದ ಸಮುದಾಯ ಕೇಂದ್ರವನ್ನೋ, ಕನ್ನಡ ಸಂಘವನ್ನೋ ಕೇಳಬಹುದು. ಟೊರಾಂಟೊದವರು ಹಿಂದುಳಿದ ಬಡಾವಣೆಗಳಿಗೂ ಮೂಲನಿವಾಸಿ ಗುಂಪುಗಳಿಗೂ ಆದ್ಯತೆ ಕೊಡುವುದು ಈ ಅಸಮತೋಲನ ಗೊತ್ತಿದ್ದೇ.

ಅರ್ಜಿ ಓದುವವರು ಹೆಣ್ಣು ನೋಡಲು ಬಂದ ಹಿರಿಯರ ಹಾಗೆ. ಕೇಸರಿಬಾತು ತಿನ್ನುತ್ತಲೇ ಮನೆಯ ನಾಲ್ಕು ಮೂಲೆ ಅಳೆದಿರುತ್ತಾರೆ. "ಹವಾಮಾನ ಬದಲಾವಣೆಯ ಈ ಸಂದರ್ಭದಲ್ಲಿ" ಅಂತ ಎರಡು ಪುಟ ಬರೆದರೆ ಅವರು ದಾಟಿಸಿ ಮುಂದೆ ಹೋಗುತ್ತಾರೆ. ಅವರ ಕಣ್ಣು ನಿಲ್ಲೋದು ಸಣ್ಣ ಸಣ್ಣ ಸಂಗತಿಗಳ ಮೇಲೆ. ನೀರಿನ ನಲ್ಲಿ ಎಲ್ಲಿದೆ? ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿದಾಗ ಗಿಡಕ್ಕೆ ನೀರು ಯಾರು ಹಾಕುತ್ತಾರೆ? ಮುಂದಾಳು ಬೇರೆ ಊರಿಗೆ ಹೋದರೆ ಬೀಗದ ಕೈ ಯಾರ ಹತ್ತಿರ? ಇವಕ್ಕೆ ನೇರವಾಗಿ ಉತ್ತರ ಬರೆದ ಅರ್ಜಿ, ಭಾಷೆ ಎಷ್ಟೇ ಸಾದಾ ಇದ್ದರೂ, ಗೆಲ್ಲುವ ಸಾಧ್ಯತೆ ಜಾಸ್ತಿ.

ಇದೆಲ್ಲ ಬರಿ ಹೂವು ಚಿಟ್ಟೆಗೆ ಮಾತ್ರ ಅಂದುಕೊಳ್ಳಬೇಡಿ. ಲಂಡನ್ನಿನ ಮೇಯರ್ 2021ರಲ್ಲಿ ರೀವೈಲ್ಡ್ ಲಂಡನ್ ಫಂಡ್ ಅಂತ ಶುರು ಮಾಡಿದರು, ಆರಂಭದ ಮೊತ್ತ 6 ಲಕ್ಷ ಪೌಂಡ್. ಆ ನಿಧಿಯ ಸಹಾಯದಿಂದ ಪಶ್ಚಿಮ ಲಂಡನ್ನಿನ ಈಲಿಂಗ್‌ನಲ್ಲಿ, ಪ್ಯಾರಡೈಸ್ ಫೀಲ್ಡ್ಸ್ ಅನ್ನುವ ಜಾಗದಲ್ಲಿ, 2023ರ ಅಕ್ಟೋಬರಿನಲ್ಲಿ ಐದು ಬೀವರ್‌ಗಳ ಒಂದು ಕುಟುಂಬವನ್ನು ಬಿಟ್ಟರು. ಬೀವರ್ ಹಲ್ಲಿನಿಂದ ಮರ ಕಡಿದು ತೊರೆಗೆ ಅಡ್ಡಗಟ್ಟೆ ಕಟ್ಟುವ ಪ್ರಾಣಿ. ಆ ಕಡೆ ಅದು ಕಾಣದೆ ನಾಲ್ಕು ನೂರು ವರ್ಷ ಆಗಿತ್ತು. ಹತ್ತಿರದ ಗ್ರೀನ್‌ಫರ್ಡ್ ರೈಲು ನಿಲ್ದಾಣದ ಸುತ್ತ ಮಳೆ ಬಂದರೆ ನೀರು ನುಗ್ಗುತ್ತಿತ್ತು. ಬೀವರ್ ಕಟ್ಟುವ ಗಟ್ಟೆಗಳು ನೀರನ್ನು ಮೇಲೆಯೇ ತಡೆದು ನಿಧಾನವಾಗಿ ಬಿಡುತ್ತವೆ ಅನ್ನೋದು ಲೆಕ್ಕ. ಅರ್ಜಿಯ ಹಿಂದೆ ಇದ್ದವರು ಊರಿನ ವನ್ಯಜೀವಿ ಗುಂಪಿನವರು, ಪಕ್ಕದ ಗುಡ್ಡದ ಗೆಳೆಯರ ಬಳಗದವರು, ಸ್ಥಳೀಯ ಕೌನ್ಸಿಲ್. ಮುಂದಿನ ವರ್ಷ ಮರಿಗಳೂ ಆದವು. ಪ್ರಾಣಿ ದೊಡ್ಡದಾದರೆ ಕಾಗದಪತ್ರವೂ ದೊಡ್ಡದು. ಬೇಲಿ, ಲೈಸೆನ್ಸು, ಪಶುವೈದ್ಯರು. ಆದರೆ ಪ್ರಶ್ನೆ ಅದೇ, ನಾಳೆ ಇದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ.

ಬೆಂಗಳೂರಿನಲ್ಲಿ ಇದು ಉಲ್ಟಾ ನಡೆಯಿತು. ಇಲ್ಲಿ ನೋಡಿಕೊಳ್ಳುವ ಜನ ಮೊದಲು ಬಂದರು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು, 2011ರಲ್ಲಿ ಬಿಬಿಎಂಪಿ ಜೊತೆ ಒಪ್ಪಂದವಾಯಿತು. ಆದರೆ ಅದು ನಿರ್ವಹಣೆಯ ಹೊಣೆ ಹೊರುವ ಒಪ್ಪಂದ. ದುಡ್ಡಿಗೆ ದಾನಿಗಳ ಹತ್ತಿರ, ಕಂಪನಿಗಳ ಹತ್ತಿರ ಹೋಗಬೇಕು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ಕೊಡಬೇಕು, ಪರಿಸರವೂ ಆ ಪಟ್ಟಿಯಲ್ಲಿದೆ. ಹಾಗಾಗಿ ಇಲ್ಲಿ ದುಡ್ಡು ಇಲ್ಲ ಅಂತಲ್ಲ. ಕಂಪನಿಗೆ ಸಾಮಾನ್ಯವಾಗಿ ಮಾರ್ಚ್ 31ರ ಒಳಗೆ ಖರ್ಚು ತೋರಿಸಬೇಕು, ಹಾಗಾಗಿ ಸಾವಿರ ಸಸಿ ನೆಡೋಕೆ ಸಿಗುವ ದುಡ್ಡು ಐದು ವರ್ಷ ಒಬ್ಬ ಮಾಲಿಯ ಸಂಬಳಕ್ಕೆ ಸಿಗೋದು ಕಷ್ಟ. ಸಸಿ ನೆಡಬಾರದ ಜಾಗಗಳೂ ಇವೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಮರ ನೆಟ್ಟರೆ ಅಲ್ಲಿನ ನೆಲಹಕ್ಕಿಗಳಿಗೆ ಜಾಗ ಹೋದಂತೆಯೇ. ಗಿಡಗಳ ಪಟ್ಟಿ ಕೇಳುವ, ಓದಿ "ಬೇಡ" ಅನ್ನಬಲ್ಲ ಒಬ್ಬರು ಮೇಜಿನ ಆಚೆ ಇದ್ದಿದ್ದರೆ ಇಂಥ ಎಷ್ಟೋ ಪ್ರಸ್ತಾಪ ಕಾಗದದಲ್ಲೇ ನಿಲ್ಲುತ್ತಿತ್ತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಯಾವುದಾದರೂ ಒಂದು ಪಾಲಿಕೆ ವಾರ್ಡಿಗೆ ಎರಡು ಲಕ್ಷದ ಲೆಕ್ಕದಲ್ಲಿ, ಮೂರು ವರ್ಷದ ನಿರ್ವಹಣೆಯ ಷರತ್ತಿನ ಜೊತೆ, ಇಂಥದ್ದೊಂದು ಪ್ರಯೋಗ ಮಾಡಿ ನೋಡಬಹುದು. ಒಂದು ಫ್ಲೈಓವರ್ ರ‍್ಯಾಂಪಿನ ದುಡ್ಡೂ ಬೇಕಾಗಲ್ಲ.

ಇಷ್ಟಕ್ಕೂ ಇವೆಲ್ಲ ಫಲ ಕೊಡುತ್ತವಾ? ಹೂವು ಬಂದ ಕಡೆ ಕೀಟ ಬರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಇದ್ದ ಕೀಟಗಳೇ ಪಕ್ಕದಿಂದ ಇಲ್ಲಿಗೆ ಬಂದವೋ ಅಥವಾ ಸಂಖ್ಯೆಯೇ ಹೆಚ್ಚಿತೋ ಅನ್ನೋದನ್ನು ಹೇಳಲು ನೆಡುವ ಮುಂಚಿನ ಲೆಕ್ಕ ಬೇಕು. ಹೆಚ್ಚಿನ ಗುಂಪುಗಳು ಅದನ್ನು ಮಾಡೋದೇ ಇಲ್ಲ. ನೆಡುವ ಹಿಂದಿನ ಬೇಸಿಗೆಯಲ್ಲೇ ವಾರಕ್ಕೆ ಹದಿನೈದು ನಿಮಿಷ ಅದೇ ಜಾಗದಲ್ಲಿ ನಿಂತು ಕಂಡದ್ದನ್ನು ಫೋಟೋ ತೆಗೆದು, ಗಿಡ ಪ್ರಾಣಿಗಳನ್ನು ಗುರುತಿಸಿ ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿದರೆ ಸಾಕು. ಮಕ್ಕಳು ಈ ಕೆಲಸವನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಕೊನೆಗೆ, ಅಲ್ಲಿರುವ ಕನ್ನಡಿಗರಿಗೆ ಒಂದೆರಡು ಮಾತು. ಬ್ರಾಂಪ್ಟನ್, ಮಿಸ್ಸಿಸಾಗಾದಲ್ಲಿ ಇರುವವರು "ಟೊರಾಂಟೊದಲ್ಲಿ ಇದ್ದೀವಿ" ಅಂತಲೇ ಊರಿಗೆ ಹೇಳೋದು. ಆದರೆ ಅವು ಬೇರೆ ಪಾಲಿಕೆಗಳು, ಟೊರಾಂಟೊದ ಅನುದಾನ ಅಲ್ಲಿಗೆ ಬರಲ್ಲ. ನಿಮ್ಮ ಪಾಲಿಕೆಯಲ್ಲಿ ಏನಿದೆ ಅಂತ ವಿಚಾರಿಸಿ. ನಿಯಮ, ಮೊತ್ತ, ಕೊನೆಯ ದಿನಾಂಕ ಪ್ರತಿ ಸುತ್ತಿನಲ್ಲೂ ಬದಲಾಗುತ್ತವೆ, ಹಾಗಾಗಿ ಆಯಾ ವರ್ಷದ ಮಾರ್ಗಸೂಚಿ ಓದದೆ ಹಳೆಯ ಅರ್ಜಿ ನಕಲು ಮಾಡಬೇಡಿ. ಅನುದಾನ ಸಿಗದೇ ಹೋದರೂ ಒಂದು ಕೆಲಸ ಮಾಡಬಹುದು. ಮಿಲ್ಕ್‌ವೀಡ್ ಬೀಜ ಮೊಳೆಯೋಕೆ ಒದ್ದೆ ಮಣ್ಣಿನಲ್ಲಿ ಒಂದಷ್ಟು ವಾರ ಚಳಿ ಸಿಗಲೇಬೇಕು. ಸೆಪ್ಟೆಂಬರ್ ಕೊನೆಯಲ್ಲಿ ಕಾಯಿ ಒಡೆಯುವ ಹೊತ್ತಿಗೆ ಗೊತ್ತಿದ್ದವರ ತೋಟದಿಂದ ಕೇಳಿ ಎರಡು ಕಾಯಿ ತನ್ನಿ, ಹತ್ತಿ ಬಿಡಿಸಿ, ನವೆಂಬರಿನಲ್ಲಿ ನೇರವಾಗಿ ನೆಲಕ್ಕೆ ಹಾಕಿ ಅರ್ಧ ಇಂಚು ಮಣ್ಣು ಮುಚ್ಚಿ. ಅಥವಾ ಹಾಲಿನ ಪ್ಲಾಸ್ಟಿಕ್ ಕ್ಯಾನ್ ಅರ್ಧಕ್ಕೆ ಕತ್ತರಿಸಿ, ಅಡಿಯಲ್ಲಿ ತೂತು ಮಾಡಿ, ಮಣ್ಣು ತುಂಬಿ ಬಿತ್ತಿ ಬಾಲ್ಕನಿಯ ಹೊರಗೆ ಹಿಮದಲ್ಲೇ ಬಿಡಿ. ಮೇ ತಿಂಗಳಿಗೆ ಸಸಿ ಬರುತ್ತವೆ, ಮುಂದಿನ ಸುತ್ತಿನ ಅರ್ಜಿಯಲ್ಲಿ "ನಮ್ಮ ಹತ್ತಿರ ಆಗಲೇ ಇಷ್ಟು ಸಸಿ ಇವೆ" ಅಂತ ಬರೆಯಬಹುದು.